ಹಾಕಿಯವರ ಕಾಲಿಗೆ ಫುಟ್‌ಬಾಲು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು ಎಂಬುದು ನನ್ನ ಅಭಿಪ್ರಾಯ. ಪಕ್ಕದ ಮನೆಯ ಹಸು ಒಂದು ಚೊಂಬು ಹಾಲು ಹೆಚ್ಚು ಕೊಟ್ಟಿತೆಂದೋ, ಮಾವನ ಮನೆಯಲ್ಲಿ ಷಡ್ಡಕನಿಗೆ ತುಪ್ಪ ಎರಡು ಸಲ ಬಡಿಸಿದರೆಂದೋ ಕರುಬುವವರನ್ನು ಕಂಡರೆ ನನಗೆ ಪಾಪ ಅನ್ನಿಸುತ್ತದೆ. ನಾನು ಆರಿಸಿ ಆರಿಸಿ ಒಳ್ಳೆಯವರನ್ನು ಕಂಡೇ ಕರುಬುತ್ತೇನೆ. ಗುಣವಂತರು, ಮಿತಭಾಷಿಗಳು, ಎದುರು ಸಿಕ್ಕರೆ ತಾವೇ ಮೊದಲು ನಮಸ್ಕಾರ ಹೇಳುವವರು. ಕೆಟ್ಟವರ ಮೇಲೆ ಹೊಟ್ಟೆಕಿಚ್ಚಾದರೆ ನಾಲ್ಕು ಜನರೆದುರು ಬೈದು ಹಗುರಾಗಬಹುದು. ಒಳ್ಳೆಯವರ ಮೇಲೆ ಆದರೆ ಬೈಯಲು ಒಂದು ನೆಪವೂ ಸಿಗುವುದಿಲ್ಲ; ಕೆಂಡವನ್ನು ಒಳಗೇ ಇಟ್ಟುಕೊಂಡು ಹೊರಗೆ ಹಲ್ಲು ಕಿರಿಯಬೇಕು. ಮುದ್ದಪ್ಪನವರು ನಮ್ಮ ಎಸ್ಟೇಟಿಗೆ ಬಂದಂದಿನಿಂದ ನಾನು ಹಲ್ಲು ಕಿರಿಯುತ್ತಲೇ ಇದ್ದೇನೆ.

ಗಾಳಿಬೀಡಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಸಣ್ಣ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವುದು, ಸಂಜೆ ಅದೇ ಹಾಜರಿಯನ್ನು ಹೆಡ್ ರೈಟರ್ ಸುಬ್ಬರಾಯರಿಗೆ ಓದಿ ಹೇಳಿ ಬೈಸಿಕೊಳ್ಳುವುದು ನನ್ನ ಉದ್ಯೋಗ. ಹುಟ್ಟಿದ್ದು ಫ್ರೇಜರ್‌ಪೇಟೆಯ ಹತ್ತಿರ. ಅಪ್ಪ ಹಾಸನದ ಕಡೆಯಿಂದ ಬಂದು ಅಲ್ಲಿ ಬೇಸಾಯ ಹೂಡಿದವರು. ಅವರಿಗಿರುವ ಮೈಬಗ್ಗಿಸುವ ಗುಣ ನನಗೆ ಬರಲಿಲ್ಲ. ನನಗೆ ಬಂದದ್ದು ಇನ್ನೊಬ್ಬರ ಮೈ ಹೇಗೆ ಬಗ್ಗುತ್ತದೆಂದು ಮಾಡಿ ತೋರಿಸುವ ಚಾಳಿ. ಮ್ಯಾನೇಜರರಾದ ದೊಡ್ಡ ದೊರೆ ಪೈಪು ಕಚ್ಚಿಕೊಂಡೇ ಗದರುವುದು, ಸುಬ್ಬರಾಯರು ನಶ್ಯ ಏರಿಸಿ, ಬಾರದ ಸೀನಿಗಾಗಿ ಬಾಯಿ ತೆರೆದು ಕಾಯುವುದು, ಡಿಸ್ಪೆನ್ಸರಿಯ ಕಂಪೌಂಡರು ಎಲ್ಲ ಕಾಯಿಲೆಗೂ ಒಂದೇ ಬಾಟಲಿ ಅಲ್ಲಾಡಿಸುವುದು, ಯಾರನ್ನೂ ನಾನು ಬಿಟ್ಟವನಲ್ಲ. ಬೇರೆ ಯಾರೂ ಸಿಗದ ದಿನ ಕನ್ನಡಿಯ ಮುಂದೆ ನಿಂತು ನನ್ನನ್ನೇ ಅಣಕಿಸಿಕೊಳ್ಳುತ್ತೇನೆ. ಅದೊಂದು ಮಾತ್ರ ಅಷ್ಟು ಚೆನ್ನಾಗಿ ಬರುವುದಿಲ್ಲ. ಮೂಲದಲ್ಲೇ ಸತ್ವ ಸಾಲದು.

ಆರು ದಿನ ಸಣ್ಣ ರೈಟರ್ ಆದ ನಾನು ಭಾನುವಾರ ಬಂತೆಂದರೆ ಬೇರೆಯೇ ಮನುಷ್ಯ. ಎಸ್ಟೇಟಿನ ಫುಟ್‌ಬಾಲ್ ಟೀಮಿನಲ್ಲಿ ಮೂರು ವರ್ಷದಿಂದ ನಾನೇ ಸೆಂಟರ್ ಫಾರ್ವರ್ಡ್. ನಾನು ಬಹಳ ಚೆನ್ನಾಗಿ ಆಡುತ್ತೇನೆಂದಲ್ಲ, ಉಳಿದವರಿಗೆ ಮುಂದೆ ನಿಲ್ಲಲು ಸಂಕೋಚ. ಆದರೂ ಅವತ್ತು ಆಳುಗಳ ಮನೆಸಾಲುಗಳಾದ ಲೈನುಗಳಲ್ಲಿ ನಡೆದು ಹೋದರೆ ಅವರು "ಸೆಂಟರ್ ರೈಟ್ರು ಹೋಗ್ತಾವ್ರೆ" ಅನ್ನುತ್ತಿದ್ದರು. ಸೋಮವಾರ ಅದೇ ಬಾಯಿಗಳು ಹಾಜರಿ ಹೊತ್ತಿಗೆ ನನ್ನನ್ನು ಏನೆನ್ನುತ್ತಿದ್ದುವೋ ನಾನು ವಿಚಾರಿಸಿಲ್ಲ. ವಾರಕ್ಕೊಂದು ದಿನ ಆ ಹೆಸರು ಕಿವಿಗೆ ಬಿದ್ದರೆ ಆರು ದಿನದ ಬೈಗುಳಕ್ಕೆ ಸಾಕಾಗುವಷ್ಟು ಪುಷ್ಟಿ ಅದರಲ್ಲಿತ್ತು.

ಅಷ್ಟರಲ್ಲಿ ಮುದ್ದಪ್ಪನವರು ಅಸಿಸ್ಟೆಂಟ್ ಮ್ಯಾನೇಜರ್ ಆಗಿ ಬಂದರು. ನಮ್ಮ ಕೂರ್ಗ್ ರಾಜ್ಯ ಎಷ್ಟು ಪುಟ್ಟದೆಂದರೆ ಮಾಕುಟ್ಟದಲ್ಲಿ ಒಬ್ಬ ಸೀನಿದರೆ ಸಂಪಾಜೆಯಲ್ಲಿ ಇನ್ನೊಬ್ಬ ಚಿರಂಜೀವಿ ಅನ್ನುತ್ತಾನೆ. ಹಾಗಾಗಿ ಅವರು ಬಸ್ಸಿಳಿಯುವ ಮೊದಲೇ ಅವರ ಕೀರ್ತಿ ಇಳಿದಿತ್ತು. ಮಿಲಿಟರಿಯಲ್ಲಿ ಹಾಕಿ ಆಡಿದವರಂತೆ. ಚೆಂಡು ಅವರ ಕೋಲಿಗೆ ತಾಗಿದರೆ ಅಂಪೈರು ಬಂದು ಬಿಡಿಸಬೇಕಂತೆ. ಕೊಡಗಿನಲ್ಲಿ ಹಾಕಿ ಎಂದರೆ ಜನ ಎದ್ದು ನಿಲ್ಲುತ್ತಾರೆ. ಫುಟ್‌ಬಾಲ್ ಎಂದರೆ ಕೂತೇ "ಅದೂ ಒಂದು ಆಟ" ಅನ್ನುತ್ತಾರೆ. ಲೈನಿನವರು ಒಂದೇ ವಾರದಲ್ಲಿ ಅವರಿಗೆ ಚಿಕ್ಕ ದೊರೆ ಎಂದು ಹೆಸರಿಟ್ಟರು. ನನಗೆ ಮೂರು ವರ್ಷ ದುಡಿದ ಮೇಲೆ ಸಿಕ್ಕಿದ್ದು ವಾರಕ್ಕೊಂದು ದಿನದ ಹೆಸರು. ಅವರಿಗೆ ಬಂದ ಕೂಡಲೇ ಏಳು ದಿನದ್ದು.

ಆಫೀಸಿನ ಜಗಲಿಯಲ್ಲಿ ಚಹಾದ ಹೊತ್ತಿಗೆ ಚರ್ಚೆ ಹುಟ್ಟಿತು. ಇಷ್ಟು ದೊಡ್ಡ ಹಾಕಿ ಆಟಗಾರ ಫುಟ್‌ಬಾಲು ಆಡಿದರೆ ಹೇಗಿದ್ದೀತು? ಸುಬ್ಬರಾಯರು ನಶ್ಯದ ಡಬ್ಬಿ ಮುಚ್ಚಿ, ನನ್ನ ಕಡೆ ತಿರುಗಿ ತೀರ್ಪು ಕೊಟ್ಟರು. "ಕಣ್ಣು, ಉಸಿರು, ಕಾಲು ಮೂರೂ ನೆಟ್ಟಗಿದ್ದವನಿಗೆ ಯಾವ ಆಟವಾದ್ರೇನೋ ಪುಟ್ಟಸ್ವಾಮಿ? ಎರಡು ದಿನ ಸಾಕು."

"ಹಾಗೆಂದ್ರೆ ಹೇಗೆ ರಾಯರೇ," ಅಂದೆ. ಹೊಟ್ಟೆಕಿಚ್ಚು ಮನುಷ್ಯನನ್ನು ಎಷ್ಟು ಬೇಗ ವಿದ್ವಾಂಸನನ್ನಾಗಿ ಮಾಡುತ್ತದೆಂದು ನನಗೆ ಅವತ್ತು ತಿಳಿಯಿತು. ಒಂದು ಆಟಕ್ಕೆ ಪಳಗಿದ ಮೈ ಇನ್ನೊಂದಕ್ಕೆ ಒಗ್ಗುವುದಿಲ್ಲವೆಂದು ಸಾಧಿಸಲು ನಮ್ಮ ಸೋದರಮಾವನನ್ನೇ ಸಾಕ್ಷಿಗೆ ಕರೆದೆ. ಅವನು ಮೈಸೂರು ಸೀಮೆಯ ನಾಲ್ಕು ಗರಡಿಗಳ ಮಣ್ಣು ಮೆತ್ತಿಕೊಂಡ ಪೈಲ್ವಾನ. ಆಳು ಕಮ್ಮಿಯೆಂದು ಒಮ್ಮೆ ಫ್ರೇಜರ್‌ಪೇಟೆಯಲ್ಲಿ ಅವನನ್ನು ಗೋಲಿಗೆ ನಿಲ್ಲಿಸಿದ್ದೆವು. ಚೆಂಡು ಬಂತು. ಮಾವ ತೊಡೆ ತಟ್ಟಿ, ಹಾರಿ, ಅದನ್ನು ತಬ್ಬಿ ಕೆಡವಿ ಮೇಲೆ ಮಲಗಿದ. ಭಲೇ ಅಂದರು ಜನ. ಆದರೆ ಅವನು ಏಳಲೊಲ್ಲ. ರೆಫರಿ ಬಂದು "ಆಯ್ತು ಬಿಡಿ ಯಜಮಾನ್ರೇ" ಅಂದರೆ ಮಾವ ಏದುಸಿರಿನಲ್ಲೇ, "ಚಿತ್ ಮಾಡ್ದೆ ಹೆಂಗ್ ಬುಡ್ಲಿ? ಇದ್ರ ಬೆನ್ನು ಯಾವ ಕಡೆ ಅಂತ ಮೊದ್ಲು ಹೇಳು" ಅಂದ.

ಅದು ಸಾಲದೆಂಬಂತೆ ನಮ್ಮ ಎಸ್ಟೇಟಿನ ಕಾವಲಿನ ಬೆಳ್ಯಪ್ಪನವರ ಕಥೆಯನ್ನೂ ಹೇಳಿದೆ. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯನ್ನು ಒಂದೇ ಗುಂಡಿಗೆ ಒಡೆಯುವವರು ಅವರು. ಇಂಥ ಗುರಿಕಾರರಿಗಿಂತ ಬೇರೆ ಯಾರೆಂದು ಹಿಂದೊಮ್ಮೆ ಪೆನಾಲ್ಟಿ ಹೊಡೆಯಲು ಅವರನ್ನು ಕರೆದೆವು. ಬೆರಳು ಒದ್ದೆ ಮಾಡಿ ಗಾಳಿ ನೋಡಿದರು. ಎಡಗಣ್ಣು ಮುಚ್ಚಿದರು. ಉಸಿರು ಬಿಗಿಹಿಡಿದು ನಿಂತರು, ನಿಂತರು, ನಿಂತೇ ಇದ್ದರು. ಎದುರು ಗೋಲಿಯವನು ಹೋಗಿ ನೀರು ಕುಡಿದು ಬಂದು ಮತ್ತೆ ನಿಂತ. ಕೊನೆಗೆ ಬಿದ್ದ ಒದೆಗೆ ಚೆಂಡು ಮೂಲೆಯ ಬಾವುಟಕ್ಕೆ ತಾಗಿತು. ಬೆಳ್ಯಪ್ಪನವರು ತಮ್ಮ ಬಲಗಾಲನ್ನು ಬೇಸರದಿಂದ ನೋಡಿ, "ಗುರಿ ಸರಿ ಇತ್ತು. ಕೋವಿಯ ನಳಿಗೆ ಅಲುಗಿತು" ಅಂದರು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಒಬ್ಬರನ್ನುಳಿದು. ಅವರು ನಮ್ಮ ಕ್ಯಾಪ್ಟನ್, ಲಾರಿ ಡ್ರೈವರ್ ಮೊಯ್ದು ಕಾಕ. ಮಲಬಾರಿನವರು, ಕಾಕ ಎಂದರೆ ಅವರಲ್ಲಿ ಅಣ್ಣ. ಫುಟ್‌ಬಾಲಿನ ಮಾತು ಬಂದಾಗ ಅವರು ನಗುವುದಿಲ್ಲ. "ಅದೆಲ್ಲ ಇರ್ಲಿ ರೈಟ್ರೆ. ಸಂಪಾಜೆ ಮ್ಯಾಚಿಗೆ ಇನ್ನು ಮೂರು ವಾರ. ಹೋದ ವರ್ಷ ನೀವು ಅಲ್ಲಿ ಎಷ್ಟು ಗೋಲು ಹಾಕಿದ್ದು?" ಅಂದರು. ನನ್ನ ಪಾಂಡಿತ್ಯ ಅಲ್ಲಿಗೆ ಮುಗಿಯಿತು.

ಪಿಕ್ಕಿಂಗ್ ಮುಗಿದು ಕಾಫಿ ಒಣಗಿಸುವ ಕಣ ಖಾಲಿಯಾದರೆ ಅದೇ ನಮ್ಮ ಮೈದಾನ. ಮರುದಿನ ಸಂಜೆ ಮುದ್ದಪ್ಪನವರು "ನಾನು ಸುಮ್ನೆ ನೋಡ್ತೇನೆ" ಎಂದು ಪಕ್ಕದಲ್ಲಿ ನಿಂತಿದ್ದರು. ಕಾಕ ಅವರ ಕೈ ಹಿಡಿದು ಎಳೆದು ತಂದರು. ಆಮೇಲೆ ನಡೆದದ್ದನ್ನು ಬರೆಯಲು ನನ್ನ ಪೆನ್ನು ಹಿಂದೆ ಸರಿಯುತ್ತದೆ. ಸೊಂಟ ಬಗ್ಗಿಸಿ, ಕೋಲು ಹಿಡಿದವರಂತೆ ಎರಡು ಕೈಯನ್ನೂ ಹೊಟ್ಟೆಯ ಮುಂದೆ ಜೋಡಿಸಿಕೊಂಡು, ಚೆಂಡನ್ನು ಕಾಲ್ಬೆರಳಿಗೆ ಅಂಟಿಸಿಕೊಂಡಂತೆ ಅವರು ಆರು ಜನರನ್ನು ದಾಟಿದರು. ಆ ಆರರಲ್ಲಿ ನಾನು ಎರಡು ಸಲ ಇದ್ದೆ. ಮೊದಲ ಸಲ ದಾಟಿಸಿಕೊಂಡದ್ದು ಸಾಲದೆಂದು ಓಡಿಹೋಗಿ ಮತ್ತೆ ಎದುರಾಗಿದ್ದೆ. ಮುಂದೆ ಗೋಲು ಬಾಗಿಲು ತೆಗೆದಿಟ್ಟ ಮನೆಯ ಹಾಗಿತ್ತು. ಆದರೆ ಅವರು ಒದೆಯಲಿಲ್ಲ. ಚೆಂಡನ್ನು ತಳ್ಳಿಕೊಂಡು ಹೋದರು, ಹೋದರು, ಗೋಲಿಯವನ ತನಕ ಹೋದರು. ಅವನು ಎತ್ತಿಕೊಂಡ.

"ಅಲ್ಲ ಸಾರ್, ಅಷ್ಟು ದೂರದಿಂದ್ಲೇ ಹೊಡೀಬಹುದಿತ್ತಲ್ಲ?" ಅಂದರು ಕಾಕ.

"ಸರ್ಕಲ್ ಒಳಗೆ ಬರ್ಬೇಕಲ್ಲ ಕಾಕ."

"ಯಾವ ಸರ್ಕಲ್?"

ಮುದ್ದಪ್ಪನವರು ನೆಲ ನೋಡಿದರು. ಸಗಣಿ ಸಾರಿಸಿದ ಕಣವಲ್ಲದೆ ಅಲ್ಲಿ ಬೇರೇನೂ ಇರಲಿಲ್ಲ. ತಾವೇ ನಕ್ಕುಬಿಟ್ಟರು. ಹಾಕಿಯಲ್ಲಿ ಗೋಲಿನ ಮುಂದೆ ಅರ್ಧ ವೃತ್ತ ಎಳೆದಿರುತ್ತಾರೆ. ಅದರ ಒಳಗಿಂದ ಹೊಡೆದರೆ ಮಾತ್ರ ಗೋಲು. ಹತ್ತು ವರ್ಷ ಆ ಗೆರೆಗಾಗಿ ಕಾದ ಕಾಲು, ಗೆರೆಯಿಲ್ಲದ ಕಡೆಯೂ ಕಾಯುತ್ತಿತ್ತು. ಅವತ್ತು ನನಗೆ ಉಪ್ಪಿಲ್ಲದ ಗಂಜಿಯೂ ಪಾಯಸದ ಹಾಗೆ ಇಳಿಯಿತು.

ಮಾರನೆಯ ದಿನದಿಂದ ಚಹಾದ ಹೊತ್ತಿಗೆ ಜಗಲಿಯಲ್ಲಿ ನನ್ನದೇ ಪ್ರದರ್ಶನ. ಬಗ್ಗಿದ ಬೆನ್ನು, ಜೋಡಿಸಿದ ಕೈ, ಇಲ್ಲದ ಸರ್ಕಲ್ಲನ್ನು ಹುಡುಕುವ ಕಣ್ಣು. ಇದನ್ನು ಸರಿಯಾಗಿ ಹಿಡಿಯಲು ರೂಮಿನಲ್ಲಿ ಕನ್ನಡಿಯ ಮುಂದೆ ನಾನು ಪಟ್ಟ ಶ್ರಮವನ್ನು ಫುಟ್‌ಬಾಲಿಗೆ ಎಂದೂ ಪಟ್ಟಿರಲಿಲ್ಲ. ಲೈನಿನವರೂ ಬಂದು ನೋಡಿ "ಇನ್ನೊಂದ್ ದಪ" ಅನ್ನುತ್ತಿದ್ದರು. ನಾಲ್ಕನೆಯ ದಿನ ನಗು ಥಟ್ಟನೆ ನಿಂತಿತು. ತಿರುಗಿ ನೋಡಿದರೆ ಮುದ್ದಪ್ಪನವರು.

"ನಾನು ಇಷ್ಟು ಬಗ್ತೇನಾ ರೈಟ್ರೇ?" ಅಂದರು.

ಕೆಲಸ ಹೋಯಿತೆಂದೇ ಎಣಿಸಿದೆ. ಅವರು ಮೆಟ್ಟಿಲ ಮೇಲೆ ಕೂತು, "ಇನ್ನೊಂದ್ಸಲ ತೋರ್ಸಿ. ನಿಧಾನಕ್ಕೆ. ನನ್ನ ಬೆನ್ನು ನನಗೆ ಹೇಗೆ ಕಾಣ್ಬೇಕು ಹೇಳಿ" ಅಂದರು. ತೋರಿಸಿದೆ. ಮರುದಿನವೂ ಬಂದರು. ತಮ್ಮ ಕೈ ಎಲ್ಲಿರುತ್ತದೆ, ಯಾವ ಹೆಜ್ಜೆಗೆ ತಾವು ತಡೆಯುತ್ತಾರೆ, ಒದೆಯುವ ಮೊದಲು ಯಾಕೆ ನೆಲ ನೋಡುತ್ತಾರೆ, ಎಲ್ಲವನ್ನೂ ನನ್ನ ಮೈಮೇಲೆ ನೋಡಿ ತಿದ್ದಿಕೊಂಡರು. ಹತ್ತೇ ದಿನದಲ್ಲಿ ನೆಟ್ಟಗೆ ನಿಂತು ಕಣದ ಅರ್ಧದಿಂದಲೇ ಗೋಲಿಗೆ ಒದೆಯತೊಡಗಿದರು. "ಎಲ್ಲಾ ನಿಮ್ಮಿಂದ ರೈಟ್ರೇ, ಬಹಳ ಉಪಕಾರ ಆಯ್ತು" ಎಂದು ಎಲ್ಲರೆದುರು ನನ್ನ ಕೈ ಕುಲುಕಿದರು. ಕರುಬುವವನಿಗೆ ಬೈಗುಳ ತಡೆಯುವ ಶಕ್ತಿ ಇರುತ್ತದೆ. ಉಪಕಾರ ಸ್ಮರಣೆ ತಡೆಯುವ ಶಕ್ತಿ ಇರುವುದಿಲ್ಲ.

ಪಂದ್ಯದ ಹಿಂದಿನ ದಿನ ಕಾಕ ಟೀಮು ಓದಿದರು. ಸೆಂಟರ್‌ನಲ್ಲಿ ಮುದ್ದಪ್ಪನವರು. ನಾನು ಎಡಗಡೆ, ಗೆರೆಯ ಪಕ್ಕ. ನನ್ನ ಮುಖ ನೋಡಿ ಕಾಕ, "ನಾಳೆ ಒಂದು ಗೋಲು ಹಾಕಿ. ಆಮೇಲೆ ನಿಮ್ಮ ಜಾಗದ ಮಾತಾಡುವ" ಅಂದರು.

ಸಂಪಾಜೆಯಲ್ಲಿ ಪಂದ್ಯ ನಡೆದದ್ದು ಕುಯ್ಲಾದ ಗದ್ದೆಯ ಬಯಲಿನಲ್ಲಿ. ನಮ್ಮ ಲೈನಿನ ಅರ್ಧ ಜನ ಲಾರಿ ಹತ್ತಿ ಬಂದಿದ್ದರು. ಕೊನೆಯ ಹತ್ತು ನಿಮಿಷದವರೆಗೂ ಯಾರಿಗೂ ಗೋಲಿಲ್ಲ. ಆಗ ಮುದ್ದಪ್ಪನವರು ಮೂವರನ್ನು ತಮ್ಮ ಮೇಲೆ ಎಳೆದುಕೊಂಡು ಚೆಂಡನ್ನು ನನ್ನ ಕಾಲಿಗೆ ಇಟ್ಟರು. ನನ್ನ ಮುಂದೆ ಯಾರೂ ಇಲ್ಲ. ಗೋಲಿಯವನು ಬಲಗಡೆಗೆ ಬಿದ್ದಿದ್ದಾನೆ. ಇಪ್ಪತ್ತು ಹೆಜ್ಜೆ ದೂರದಲ್ಲಿ ಗೋಲು, ಅದರ ಹಿಂದೆ ಮೂರು ವರ್ಷದ ನನ್ನ ಹೆಸರು. ಒದೆಯುವುದೊಂದೇ ಬಾಕಿ.

ನನ್ನ ಬೆನ್ನು ಬಗ್ಗಿತು. ನಾನು ಬಗ್ಗಿಸಲಿಲ್ಲ, ಅದೇ ಬಗ್ಗಿತು. ಎರಡು ಕೈಯೂ ಹೊಟ್ಟೆಯ ಮುಂದೆ ಬಂದು ಇಲ್ಲದ ಕೋಲನ್ನು ಹಿಡಿದವು. ಚೆಂಡನ್ನು ತಳ್ಳಿಕೊಂಡು ಹೋದೆ. "ಅಡಿಕ್ಕ್, ಹೊಡೀರಿ ರೈಟ್ರೆ" ಎಂದು ಕಾಕ ಎರಡು ಭಾಷೆಯಲ್ಲಿ ಕೂಗುತ್ತಿದ್ದದ್ದು ಕೇಳಿಸುತ್ತಿತ್ತು. ನನ್ನ ಕಣ್ಣು ನೆಲದ ಮೇಲಿತ್ತು. ಭತ್ತದ ಕೂಳೆಯ ನಡುವೆ ಸರ್ಕಲ್ಲಿನ ಗೆರೆ ಹುಡುಕುತ್ತಿತ್ತು. ಗೋಲಿಯವನು ಎದ್ದು, ಮೈ ಕೊಡವಿಕೊಂಡು ಬಂದು, ಬುಟ್ಟಿಯಿಂದ ಮೊಟ್ಟೆ ಎತ್ತುವ ಹಾಗೆ ಚೆಂಡು ಎತ್ತಿಕೊಂಡ. ನಮ್ಮ ಲೈನಿನವರು ಬಿದ್ದು ಬಿದ್ದು ನಗುತ್ತಿದ್ದರು. ಅವರಿಗೆ ಅದು ಜಗಲಿಯ ಆಟವೇ ಆಗಿ ಕಂಡಿತ್ತು.

ಎರಡೇ ನಿಮಿಷದ ಮೇಲೆ ಮುದ್ದಪ್ಪನವರು ನನಗೆ ಚೆಂಡು ಸಿಕ್ಕಿದ್ದ ಜಾಗದ ಎರಡರಷ್ಟು ದೂರದಿಂದ, ನೆಟ್ಟಗೆ ನಿಂತು ಒದ್ದರು. ಗೆದ್ದೆವು. ಬೇರೆ ಆಟದವರು ಫುಟ್‌ಬಾಲು ಆಡಬಲ್ಲರೇ ಎಂಬ ಪ್ರಶ್ನೆ ಅಲ್ಲಿಗೆ ಇತ್ಯರ್ಥವಾಯಿತು. ಫುಟ್‌ಬಾಲಿನವರು ಆಡಬಲ್ಲರೇ ಎಂಬುದನ್ನು ಜಗಲಿಯಲ್ಲಿ ಯಾರೂ ಎತ್ತಿರಲಿಲ್ಲ.

ಕಾಕ ನನ್ನ ಹತ್ತಿರ ಬಂದರು. "ಎಂಥ ರೈಟ್ರೆ, ಮ್ಯಾಚಿನ ನಡುವೆ ಕೂಡ ನಿಮ್ಮ ತಮಾಷೆಯಾ?"

ಮುದ್ದಪ್ಪನವರು ಕಣ್ಣೊರೆಸಿಕೊಂಡು ನಗುತ್ತ, "ಕಾಕ, ಏನು ಧೈರ್ಯ ಇವರಿಗೆ. ಅಷ್ಟು ಜನರ ಎದುರು. ಒಂದು ಹೆಜ್ಜೆ ತಪ್ಪಿಲ್ಲ, ನನ್ನದೇ ಬೆನ್ನು" ಅಂದರು.

ನನ್ನ ಮುಂದೆ ಎರಡು ದಾರಿಗಳಿದ್ದವು. ತಪ್ಪಿತು ಎಂದರೆ ಕೈಲಾಗದವನಾಗುತ್ತೇನೆ. ಬೇಕೆಂದೇ ಬಿಟ್ಟೆ ಎಂದರೆ ದೊಡ್ಡ ಆಟಗಾರನಾಗಿಯೇ ಉಳಿಯುತ್ತೇನೆ. "ಹೌದು ಕಾಕ," ಅಂದೆ. "ಜನ ಬೇಜಾರಾಗಿ ಕೂತಿದ್ರಲ್ಲ, ಸ್ವಲ್ಪ ನಗ್ಲಿ ಅಂತ."

ಕಾಕ ಚೆಂಡನ್ನು ಕಂಕುಳಿಗೆ ಸೇರಿಸಿಕೊಂಡರು. "ತಪ್ಪಿದ್ದು ಅಂತ ಹೇಳಿದ್ರೆ ನಾನು ಒಂದು ಮಾತೂ ಆಡ್ತಿರ್ಲಿಲ್ಲ. ನಾನೂ ತಪ್ಪಿಸಿದ್ದೇನೆ. ಬೇಕೂಂತ ಬಿಟ್ಟವರಿಗೆ ನನ್ನ ಟೀಮಲ್ಲಿ ಜಾಗ ಇಲ್ಲ. ಬರುವ ವರ್ಷ ನೋಡುವ."

ನಿಜ ಹೇಳಲು ಆಗಲೂ ಸಮಯವಿತ್ತು. ಬಾಯಿ ತೆರೆದೆ, ಸುಬ್ಬರಾಯರ ಬಾರದ ಸೀನಿನ ಹಾಗೆ ಅದು ಅಲ್ಲೇ ನಿಂತಿತು.

ಲಾರಿ ಘಾಟಿ ಹತ್ತುತ್ತಿತ್ತು. ಮುಂದೆ ಕಾಕನ ಪಕ್ಕದಲ್ಲಿ ಮುದ್ದಪ್ಪನವರು, ಹಿಂದೆ ಲೈನಿನವರ ನಡುವೆ ಮೂಲೆಯಲ್ಲಿ ನಾನು. ಕಾಫಿ ಕೊಯ್ಯುವ ಕೆಂಪಮ್ಮ ನನ್ನ ಕಡೆ ಬೆನ್ನು ಮಾಡಿ ಕೂತು ಪಕ್ಕದವಳಿಗೆ ಹೇಳುತ್ತಿದ್ದಳು. "ಸಣ್ಣ ರೈಟ್ರು ಬೇಕೂಂತ್ಲೇ ಬುಟ್ರಂತೆ ಕಣಕ್ಕಾ. ಒದ್ದಿದ್ರೆ ಗೋಲೇಯ." ಟೀಮಿನ ಜಾಗ ಹೋದ ಸಂಕಟದಲ್ಲೂ ಆ ಮಾತು ಬಿಸಿ ಕಾಫಿಯ ಹಾಗೆ ಒಳಗಿಳಿಯಿತು. ಇನ್ನೊಂದು ಸಲ ಅನ್ನಲಿ ಎಂದು ಉಸಿರು ಬಿಗಿಹಿಡಿದು ಕಾದೆ.

"ಅದೇನ್ ಮಹಾ ಬುಡು," ಅಂದಳು ಪಕ್ಕದವಳು. "ಚಿಕ್ಕ ದೊರೆ ಬೇಕೂಂತ ಬುಟ್ಟಿದ್ರೆ ಇನ್ನೂ ಚೆಂದಾಗಿ ಬುಡೋರು."

ಕೆಂಪಮ್ಮ ಲಾರಿ ಒಂದು ತಿರುವು ದಾಟುವಷ್ಟು ಹೊತ್ತು ಯೋಚನೆ ಮಾಡಿ, "ಅದೂ ದಿಟವೇಯ" ಅಂದಳು.