ಇಬ್ಬರು ಹೀರೋಗಳ ಸಿನಿಮಾ

ಗಂಡಸನ್ನು ಗಂಡಸು ಪ್ರೀತಿಸುವ ಕಥೆಗಳನ್ನೇ ಸಿನಿಮಾ ಮಾಡುತ್ತೇನೆ ಅಂದಮೇಲೆ ಏನಾದರೊಂದು ಫಜೀತಿ ನಡೆಯುತ್ತಲೇ ಇರುತ್ತದೆ. ನಡೆಯದ ದಿನ ನನಗೇ ಅನುಮಾನ ಬಂದು ಕ್ಯಾಮೆರಾ ಆನ್ ಆಗಿದೆಯಾ ಎಂದು ನೋಡಿಕೊಳ್ಳುತ್ತೇನೆ. ನನ್ನೂರು ಬಂಗಾರಪೇಟೆ ಪಕ್ಕದ ಹಳ್ಳಿ. ಜನ ಬೈಯುತ್ತಾರೆಂದು ಹೆದರಿಕೊಂಡೇ ಹೋಗುತ್ತೇನೆ, ಬೈಯುತ್ತಾರೆ ಕೂಡ, ಆದರೆ ಬೇರೆ ಯಾವುದಕ್ಕೋ.

ನನ್ನ ನಿಜವಾದ ಹೆದರಿಕೆ ಅಮ್ಮನದು. ನಾನೂ ಅಂಥವನೇ, ನನಗೂ ಒಬ್ಬ ಹುಡುಗ ಇದ್ದಾನೆ ಎಂದು ಹೋದ ವರ್ಷ ಅವಳಿಗೆ ಹೇಳಿದ್ದೆ. “ಮುದ್ದೆ ಆರೋಯ್ತದೆ, ಉಣ್ಣು” ಅಂದವಳು ಆಮೇಲೆ ಆ ಮಾತೇ ಎತ್ತಿರಲಿಲ್ಲ. ಬೈದರೂ ಸರಿ, ಏನಾದರೂ ಒಂದು ಅಂದುಬಿಡಲಿ ಎಂದು ಕಾಯುತ್ತಿದ್ದೆ.

ಬಾಡಿಗೆ ಮನೆ

ಶೂಟಿಂಗಿಗೆ ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಮನೆ ಬೇಕಿತ್ತು. ಓನರು ತಮಿಳು ಮಾತಿನ ಹಿರಿಯರು. ಹೀರೋಯಿನ್ ಯಾರೆಂದು ಕೇಳಿದರು.

“ಹೀರೋಯಿನ್ ಇಲ್ಲ ಸಾರ್. ಇಬ್ಬರು ಹುಡುಗರು, ಅವರಿಬ್ಬರಿಗೇ ಪ್ರೀತಿ.”

ಅವರು ಫ್ಯಾನು ನೋಡುತ್ತಾ ಕೂತರು. ಮನೆ ಕೈತಪ್ಪಿತು ಅಂದುಕೊಂಡೆ.

“ಹೆಣ್ಮಕ್ಳು ಯಾರೂ ಬರಲ್ಲ ತಾನೆ?”

“ಒಬ್ಬರೂ ಬರಲ್ಲ.”

“ಅಪ್ಪಾಡಾ! ಹಿಂದೆ ಇದ್ದ ಬ್ಯಾಚುಲರ್ ಹುಡುಗ್ರನ್ನ ನೋಡೋಕೆ ಹುಡ್ಗೀರು ಬಂದು, ಬೀದಿ ತುಂಬಾ ಮಾತಾಗೋಯ್ತು. ನಿಮ್ದು ಮರ್ಯಾದಸ್ಥರ ಸಿನಿಮಾ, ತಗೊಳ್ಳಿ ಕೀ.”

ಹಾಲು ಕರೆಯುವ ಹೊತ್ತು

ಆ ಸಿನಿಮಾವನ್ನು ಕಾಮಸಮುದ್ರದ ಹತ್ತಿರ ಒಂದು ಹಳ್ಳಿಯಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸಿದೆವು. ಅದರಲ್ಲಿ ಹುಡುಗರಿಬ್ಬರೂ ಕೊಟ್ಟಿಗೆಯಲ್ಲಿ ಹಸುವಿನ ಮುಂದೆ ಕೈ ಕೈ ಹಿಡಿದು ನಿಲ್ಲುವ ದೃಶ್ಯ ಇದೆ. ನನ್ನ ಪ್ರಕಾರ ಅದ್ಭುತ ದೃಶ್ಯ. ಸಿನಿಮಾ ಮುಗಿದ ಕೂಡಲೇ ಒಬ್ಬ ಅಜ್ಜ ಟವೆಲ್ ಕೊಡವಿ ಎದ್ದು ನಿಂತರು. ಓಡಲು ಚಪ್ಪಲಿ ಎಲ್ಲಿ ಬಿಟ್ಟೆ ಎಂದು ಹುಡುಕಿದೆ.

“ಏನಪ್ಪಾ, ಅವರಿಬ್ರೂ ಕೈ ಇಡ್ಕಂಡು ನಿಂತೇ ಅವ್ರೆ, ಇಂದ್ಗಡೆ ಅಸ ಅಂಗ್ ಬಡ್ಕಂತಾ ಐತೆ! ಡೈರಿ ಟೈಮಾಗ್ಲಿಲ್ವಾ? ಮೊದ್ಲು ಆಲ್ ಕರುದ್ಬುಟ್ಟು ಆಮ್ಯಾಕೆ ಪ್ರೀತಿ ಮಾಡ್ಕಳ್ಳಿ ಅನ್ನು!”

ಮದುವೆ ಊಟ

ಈಚಿನ ಸಿನಿಮಾದಲ್ಲಿ ಹುಡುಗರಿಬ್ಬರೂ ಒಬ್ಬರನ್ನೊಬ್ಬರು ಮದುವೆಯಾಗುತ್ತಾರೆ. ನಮ್ಮೂರಲ್ಲೇ ಚಪ್ಪರ ಹಾಕಿಸಿದೆ. ಊರಿನವರೇ ನೆಂಟರು, ಊಟವೂ ನಿಜವಾದದ್ದೇ. “ಅಡಿಗೆ ನಾನ್ ನೋಡ್ಕಂತೀನಿ” ಎಂದು ಅಮ್ಮ ಬಂದಿದ್ದಳು. ಕಥೆ ಏನೆಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಈ ಸಾಲು ಈ ಹುಡುಗನ ಕಡೆ, ಆ ಸಾಲು ಆ ಹುಡುಗನ ಕಡೆ ಎಂದು ಎಲ್ಲರನ್ನೂ ಎಲೆ ಮುಂದೆ ಕೂರಿಸಿ ಕ್ಯಾಮೆರಾ ಆನ್ ಮಾಡಿದೆ. ಬಡಿಸಲು ಒಬ್ಬರೂ ಏಳಲಿಲ್ಲ.

“ಯಾರಾದ್ರೂ ಬಡ್ಸಿ!” ಎಂದು ಕೂಗಿದೆ.

ಈ ಸಾಲಿನ ಹಿರಿಯರು ಮೀಸೆ ತಿರುವಿದರು. “ನಾವ್ ಗಂಡಿನ್ ಕಡೇವ್ರು. ನಾವ್ಯಾಕ್ಲಾ ಏಳಾನ?”

“ನಾವೇನ್ ಎಣ್ಣಿನ್ ಕಡೆನಾ? ನಾವೂ ಗಂಡಿನ್ ಕಡೇನೆ!” ಎಂದಿತು ಆ ಸಾಲು.

ಸಾರು ಆರುತ್ತಿತ್ತು. ಗತ್ತು ಆರಲಿಲ್ಲ. ಎರಡು ಗಂಡಿನ ಕಡೆ ಇರುವ ಮದುವೆಯಲ್ಲಿ ಬಡಿಸುವವರು ಯಾರೆಂದು ಕಥೆ ಬರೆಯುವಾಗ ನನಗೆ ಹೊಳೆದೇ ಇರಲಿಲ್ಲ.

ಒಲೆ ಹತ್ತಿರದಿಂದ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅನ್ನದ ಬಕೆಟ್ ಹಿಡಿದು ಬಂದಳು. “ನಾನು ಎಣ್ಣಿನ್ ಕಡೆ ಅಂದ್ಕಳ್ಳಿ. ಉಡುಗ್ರು ಇಬ್ರಾದ್ರೇನು, ಮದ್ವೆ ಮದ್ವೇನೇ ಅಲ್ವಾ? ಬಂದೋರ್ನ ಅಸ್ಕಂಡ್ ಕಳ್ಸಕಾಯ್ತದಾ?”

ಮದುವೆ ಎಂಬ ಮಾತು ಅವಳ ಬಾಯಲ್ಲಿ ಕೇಳಿ ನನಗೆ ಅಳು ಬಂದುಬಿಟ್ಟಿತು. ಕಟ್ ಹೇಳುವುದನ್ನೂ ಮರೆತು, ಸಾಲಿನ ಕೊನೆಯ ಎಲೆ ಮುಂದೆ ಕೂತುಬಿಟ್ಟೆ. ನನ್ನ ಎಲೆಗೆ ಅನ್ನ ಇಕ್ಕುವಾಗ ಅವಳು ಬಗ್ಗಿ ಮೆತ್ತಗೆ ಅಂದಳು:

“ಇದು ಸಿನಿಮಾ ಅಂತ ಬಡಿಸ್ದೆ ಕಣ್ಲಾ. ನಿನ್ ಮದ್ವೇಲಿ ನಾವೇ ಗಂಡಿನ್ ಕಡೆ. ಆ ಉಡ್ಗನ್ ಮನೇವ್ರಿಗೆ ಈಗ್ಲೇ ತಿಳಿಸ್ಬುಡು, ನಾನು ಒಂದ್ ಸೌಟೂ ಮುಟ್ಟಾಕಿಲ್ಲ!”