ನೀಲಿ ಹೂವಿಗೆ ನಾನೇ ಕಾವಲು

ಈ ಬೇಸಿಗೆಯಲ್ಲಿ ನನ್ನ ಹಿತ್ತಲು ನನ್ನ ಕೈತಪ್ಪಿ ಹೋದದ್ದಕ್ಕೆ ಮೂಲ ಕಾರಣ ಕಣ್ಣಿನ ಡಾಕ್ಟರು. ನಮ್ಮ ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಇಪ್ಪತ್ತೆಂಟು ವರ್ಷದಿಂದ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಯಷ್ಟು ಚಕ್ರಗಳನ್ನು ನೋಡುತ್ತ ಕೂತವರು. ಡಾಕ್ಟರು ಅವರ ಕಣ್ಣಿಗೆ ಬೆಳಕು ಬಿಟ್ಟು ನೋಡಿ, "ಹತ್ತಿರದ್ದು ನೋಡಿದ್ದು ಸಾಕು. ದಿನಾ ಒಂದು ಗಂಟೆ ದೂರ ನೋಡಿ. ಮರ, ಆಕಾಶ, ಹಕ್ಕಿ, ಏನಾದ್ರೂ" ಅಂದರು. ಅವರು ಮಾತಿಗೆ ಅಂದದ್ದನ್ನು ಇವರು ವೇದವಾಕ್ಯ ಮಾಡಿಕೊಂಡು, ಸಂಜೆಗೆ ಕೊರಳಲ್ಲಿ ಒಂದು ದುರ್ಬೀನು ನೇತುಹಾಕಿಕೊಂಡು ಬಂದರು. (ಮದುವೆಯ ದಿನವೂ ಆ ಮುಖ ಅಷ್ಟು ಅರಳಿರಲಿಲ್ಲ.)

ನಮ್ಮ ಬಡಾವಣೆಯಲ್ಲಿ ಹಕ್ಕಿ ಮತ್ತು ಕಾಡುಹೂ ನೋಡುವವರದೇ ಒಂದು ಸಂಘವಿದೆ. ಹದಿಮೂರು ಜನ. ಅದರ ಸರ್ವಾಧಿಕಾರಿಣಿ ನಿವೃತ್ತ ಸಸ್ಯಶಾಸ್ತ್ರದ ಟೀಚರು. ಎಲ್ಲರಿಗೂ ಅವರು ಬರೀ 'ಮೇಡಂ'. ಬೇಸಿಗೆಯುದ್ದಕ್ಕೂ ಯಾರು ಏನು ಕಂಡರೆಂದು ಗ್ರಂಥಾಲಯದ ಗೋಡೆಯ ಪಟ್ಟಿಯಲ್ಲಿ ತಾರೀಕಿನ ಸಮೇತ ಬರೆಯುತ್ತಾರೆ. ಇವರೂ ಸೇರಿದರು. ಆದರೆ ಇವರ ಕೈಗೆ ಬರುವ ಗಡಿಯಾರಗಳೆಲ್ಲ ನಿಂತಂಥವು. ಹಕ್ಕಿಗಳೋ ನಿಲ್ಲುವ ಜಾತಿಯೇ ಅಲ್ಲ. ಇವರು ದುರ್ಬೀನು ತಿರುಗಿಸಿ ತಿರುಗಿಸಿ ಸರಿಮಾಡಿಕೊಳ್ಳುವ ಹೊತ್ತಿಗೆ ಕೊಂಬೆ ಮಾತ್ರ ಕಾಣುತ್ತಿತ್ತು. ಒಂದು ತಿಂಗಳಲ್ಲಿ ನಾಲ್ಕು ಕಾಗೆ, ಒಂದು ಮೈನಾ ದಾಖಲಾದವು.

ಆಮೇಲೆ ಗೂಬೆಯ ಪ್ರಕರಣ ಬಂತು. ನೀರಿನ ಟ್ಯಾಂಕಿನ ನೆತ್ತಿಯಲ್ಲಿ ಗೂಬೆ ಕಂಡೆನೆಂದು ಇವರು ಇಡೀ ಸಂಘವನ್ನು ಕರೆದುಕೊಂಡು ಹೋದರು. "ಮೂರು ದಿನದಿಂದ ಒಂದಿಷ್ಟೂ ಅಲ್ಲಾಡಿಲ್ಲ ನೋಡಿ, ಎಂಥ ತಾಳ್ಮೆ" ಎಂದು ವಿವರಣೆ ಬೇರೆ ಕೊಟ್ಟರು. ಪಂಪ್‌ಹೌಸಿನ ಆಪರೇಟರು ಹೊರಗೆ ಬಂದು, "ಸಾರ್, ಅದು ಗಾಳಿ ಕೊಳವೆ ಮುಚ್ಚಳ. ನಾನೇ ಹಾಕಿದ್ದು" ಅಂದ. ಅಂದಿನಿಂದ ಇವರಿಗೆ ಊರಿನಲ್ಲಿ 'ಗೂಬೆ ಸಾರ್' ಎಂದೇ ಹೆಸರು. ವಾಚಿಗೆ ಸೆಲ್ ಹಾಕಿಸಲು ಬಂದವರೂ ಹಲ್ಲು ಕಿರಿಯುತ್ತಿದ್ದರು. ಇವರು ಭಾನುವಾರ ಹೊರಗೆ ಹೋಗುವುದನ್ನೇ ಬಿಟ್ಟರು. ಬಾಯಿ ತುಂಬ ಬೈಯುವ ಹೆಂಗಸು ನಾನು, ನಿಜ. ಆದರೆ ಬೈಯುವ ಹಕ್ಕು ನನ್ನೊಬ್ಬಳದು. ಊರವರೆಲ್ಲ ನಗುವುದನ್ನು ನಾನು ಸಹಿಸಲಾರೆ.

ಹಾಗಿರುವಾಗ ನಮ್ಮ ಹಿತ್ತಲಿನಲ್ಲೇ ಹೂ ಸಿಕ್ಕಿತು. ಹಿತ್ತಲು ನನ್ನ ಕಾರ್ಖಾನೆ. ಎರಡು ಲಾಡ್ಜು, ಒಂದು ನರ್ಸಿಂಗ್ ಹೋಮಿನ ಹಾಸಿಗೆ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವವಳು ನಾನು. ನಾಲ್ಕು ಸಾಲು ಹಗ್ಗ, ನಡುವೆ ನಲ್ಲಿ, ನಲ್ಲಿಯ ಕೆಳಗೆ ಒಗೆಯುವ ಕಲ್ಲು. ಆ ಕಲ್ಲಿನ ಪಕ್ಕ ಇವರು ಮೊಣಕಾಲೂರಿ ಕೂತಿದ್ದರು.

"ಏನ್ರೀ ಅದು, ನಟ್ಟು ಬಿತ್ತಾ?"

"ಶ್. ಹೂವು ಕಣೇ. ನೀಲಿ. ಐದು ಎಸಳು. ಪಟ್ಟಿಯಲ್ಲಿ ಇಲ್ಲವೇ ಇಲ್ಲ."

"ಡಾಕ್ಟರು ದೂರ ನೋಡಿ ಅಂದರೆ ನೀವು ಮೂಗಿನ ತುದೀಲಿ ನೋಡ್ತಾ ಇದ್ದೀರಲ್ಲ."

"ಇದು ಓಡಿಹೋಗಲ್ಲ ಕಣೇ" ಅಂದರು. ಆ ಒಂದು ಮಾತಿನಲ್ಲಿ ಎಷ್ಟು ನೆಮ್ಮದಿ ಇತ್ತೆಂದರೆ ನಾನು ನನ್ನ ಬಕೆಟ್ಟನ್ನು ಆಚೆ ಸರಿಸಿಕೊಂಡೆ.

ಹಳೆಯ ಗೋಡೆ ಗಡಿಯಾರದ ನಿಮಿಷದ ಮುಳ್ಳನ್ನು ಗುರುತಿಗಾಗಿ ಗಿಡದ ಪಕ್ಕ ನೆಟ್ಟರು. ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ಮೇಡಂಗೆ ಸುದ್ದಿ ಮುಟ್ಟಿಸಿದರು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಇಡೀ ಸಂಘ ಬರುತ್ತದೆಂದು ಗೊತ್ತಾಯಿತು. "ಈ ಸಲ ನಗಲಿ ನೋಡೋಣ" ಎಂದು ಇವರು ಕನ್ನಡಿಯ ಮುಂದೆ ಹೇಳಿಕೊಳ್ಳುತ್ತಿದ್ದುದನ್ನು ನಾನು ಕೇಳಿಸಿಕೊಂಡೆ. ಆದರೆ ಶುಕ್ರವಾರದಿಂದ ಏಕೋ ಊಟ ಸೇರದೆ ಒದ್ದಾಡುತ್ತಿದ್ದರು. ಪರೀಕ್ಷೆಯ ಭಯ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ನನಗೆ ಒಂದು ಬುದ್ಧಿ ಹೊಳೆಯಿತು. (ನನಗೆ ಹೊಳೆಯುವುದೆಲ್ಲ ಹೀಗೆಯೇ.) ಹದಿಮೂರು ಜನ ಬರುವಾಗ ಹಿತ್ತಲು ಹಾಳುಬಿದ್ದಂತೆ ಇದ್ದರೆ ಮಾನ ಹೋಗುವುದು ಯಾರದು? ಸೆರಗು ಸಿಕ್ಕಿಸಿ ಕಳೆ ಕೀಳತೊಡಗಿದೆ. ಕೈ ಒಂದು ಸಲ ಲಯ ಹಿಡಿಯಿತೆಂದರೆ ಅದು ನನ್ನ ಮಾತು ಕೇಳುವುದಿಲ್ಲ. ಬಾಗಿಲ ಬಳಿಯಿಂದ ಶುರುಮಾಡಿ ಗೋಡೆಯವರೆಗೆ ಬೋಳಿಸಿ, ಕಸವನ್ನೆಲ್ಲ ಬುಟ್ಟಿಗೆ ತುಂಬಿ ಕಸದ ಗಾಡಿಗೆ ಸುರಿದು ಬಂದೆ. ಕಡೆಗೆ ಗುಡಿಸುವಾಗ ಪೊರಕೆಗೆ ಏನೋ ಸಿಕ್ಕಿಕೊಂಡಿತು. ನೋಡಿದರೆ ಗಡಿಯಾರದ ಮುಳ್ಳು.

ಬೀದಿಗೆ ಓಡಿದೆ. ಗಾಡಿ ಆಗಲೇ ತಿರುವು ದಾಟಿತ್ತು. ಗೂಬೆಯಿಂದ ಕುಗ್ಗಿಹೋದ ಮನುಷ್ಯ ಈಗ ಹೂವೂ ಇಲ್ಲದೆ ಸಂಘದ ಮುಂದೆ ನಿಂತರೆ ಇನ್ನು ತಲೆಯೆತ್ತುವುದುಂಟೇ? ಇವರು ಅಂಗಡಿಯಿಂದ ಬರಲು ಇನ್ನೂ ನಾಲ್ಕು ಗಂಟೆ ಇತ್ತು. ನೋಟ್‌ಬುಕ್ಕಿನ ಚಿತ್ರ ನೋಡಿಕೊಂಡು, ಅಡುಗೆಮನೆಯ ಸೌಟೊಂದನ್ನು ಹಿಡಿದು ಹೊರಟೆ. (ಹನ್ನೊಂದನೇ ನಂಬರಿನ ಸೌಟು. ಗಿರಾಕಿ ಬಾರದ ಮಧ್ಯಾಹ್ನಗಳಲ್ಲಿ ಇವರು ಮನೆಯ ಚಮಚ, ತಟ್ಟೆ, ಸೌಟುಗಳ ಮೇಲೆಲ್ಲ ಅಂಗಡಿಯ ಹೆಸರು, ನಂಬರು ಕೆತ್ತಿಟ್ಟಿದ್ದಾರೆ.)

ಶಾಲೆಯ ಬೇಲಿ, ಆಟದ ಮೈದಾನ, ಚರಂಡಿಯ ದಂಡೆ, ಎಲ್ಲ ಕಡೆ ಬಗ್ಗಿ ಬಗ್ಗಿ ನೋಡಿದೆ. ಹಳದಿ ಸಿಕ್ಕಿತು, ಬಿಳಿ ಸಿಕ್ಕಿತು, ನೀಲಿ ಇಲ್ಲ. ಬಿಸಿಲಿಗೆ ತಲೆ ಸುತ್ತಿತು. ಕೊನೆಗೆ ಪಂಪ್‌ಹೌಸಿನ ಹಿಂದಿನ ನೆರಳಲ್ಲಿ ಕಂಡಿತು: ಐದೆಸಳಿನ ಪುಟ್ಟ ನೀಲಿ ಹೂ. ಸುತ್ತ ಯಾರೋ ಬಿಳಿ ಕಲ್ಲುಗಳನ್ನು ಉಂಗುರದಂತೆ ಜೋಡಿಸಿದ್ದರು. ಮಕ್ಕಳ ಆಟ ಎಂದುಕೊಂಡು ಕಲ್ಲು ಸರಿಸಿ ಅಗೆದೆ. ಗಿಡ ಮಣ್ಣುಸಹಿತ ಬಂದದ್ದೇ ತಡ, ಒಳಗೆ ಆಪರೇಟರು ಕೆಮ್ಮಿದ. ಗಿಡವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಓಡಿದೆ. ಮನೆಗೆ ಬಂದು ನೆಟ್ಟು, ನೀರು ಹಾಕಿ, ಮುಳ್ಳು ಚುಚ್ಚಿದ ಮೇಲೆಯೇ ಉಸಿರು ಬಿಟ್ಟದ್ದು.

ಭಾನುವಾರ ಎಂಟಕ್ಕೆ ಸರಿಯಾಗಿ ಸಂಘ ಬಂತು. ಮೇಡಂ ಮಾತ್ರ ಒಳಗೆ ಬರದೆ ಬಾಗಿಲಲ್ಲೇ ನಿಂತರು. ಮುಖ ಬಾಡಿತ್ತು, ಕೈಯಲ್ಲಿ ಬಟ್ಟೆಯ ಚೀಲ ಇತ್ತು.

"ಈಗ ತಾನೇ ಪಂಪ್‌ಹೌಸಿಂದ ಬರ್ತಾ ಇದೀನಿ" ಅಂದರು. "ಅಲ್ಲೊಂದು ಗಿಡ ಇತ್ತು. ಮೂರು ವರ್ಷದಿಂದ ಕಾಪಾಡ್ಕೊಂಡು ಬಂದಿದ್ದೆ. ಯಾರಾದ್ರೂ ಕಿತ್ತಾರು ಅಂತ ನಿಮಗ್ಯಾರಿಗೂ ಹೇಳಿರಲಿಲ್ಲ, ಪಟ್ಟೀಲೂ ಬರೆದಿರಲಿಲ್ಲ. ಸುತ್ತ ಕಲ್ಲು ಬೇರೆ ಇಟ್ಟಿದ್ದೆ. ನಿನ್ನೆ ಯಾರೋ ಅಗೆದುಕೊಂಡು ಹೋಗಿದಾರೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಉಗುರು ನೋಡಿಕೊಂಡೆ. ಮಣ್ಣಿತ್ತು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

ಇವರು ತಲೆ ತಗ್ಗಿಸಿ, ಶಿಕ್ಷೆಗೆ ಹೋಗುವವರಂತೆ ಎಲ್ಲರನ್ನೂ ನಲ್ಲಿಯ ಹತ್ತಿರ ಕರೆದೊಯ್ದರು. "ಮೇಡಂ, ಒಂದು ವಿಷಯ ಹೇಳಬೇಕು" ಎಂದು ಶುರುಮಾಡಿದವರು ಗಿಡ ನೋಡಿ ಬಾಯಿ ತೆರೆದು ಹಾಗೆಯೇ ನಿಂತರು. ಮೇಡಂ ಕೂತರು. ಭೂತಗನ್ನಡಿ ಹಿಡಿದರು. ಎಸಳು ಎಣಿಸಿದರು, ಎಲೆ ಮಗುಚಿ ನೋಡಿದರು. ಆಮೇಲೆ ಅವರು ನಾಲಿಗೆ ತೊಡರುವಂಥ ಎರಡು ಪದದ ಹೆಸರು ಹೇಳಿ, "ಇದೇ. ಈ ಊರಲ್ಲಿ ಇನ್ನೆಲ್ಲೂ ಇಲ್ಲ" ಅಂದರು. ಸಂಘ ಚಪ್ಪಾಳೆ ತಟ್ಟಿತು. ಯಾರೋ ಇವರ ಕೈ ಕುಲುಕಿದರು. ಗೂಬೆಯ ಸುದ್ದಿ ಯಾರೂ ಎತ್ತಲಿಲ್ಲ. ನನಗೆ ಹೋದ ಜೀವ ಬಂದಂತಾಯಿತು.

"ಆದ್ರೆ ಆ ಕಳ್ಳ ಇಲ್ಲಿಗೂ ಬರಬಹುದು" ಎಂದು ಮೇಡಂ ಎದ್ದು ಸೀರೆ ಕೊಡವಿಕೊಂಡರು. "ಬೀಜ ಉದುರೋವರೆಗೆ ಹತ್ತಡಿ ಸುತ್ತ ಸೋಪಿನ ನೀರು ಬೀಳಬಾರದು, ಬಟ್ಟೆ ನೆರಳು ಬೀಳಬಾರದು. ಕಾವಲಿಗೆ ಮನೆ ಯಜಮಾನ್ತೀನೇ ಇರಲಿ. ಬೆಳಿಗ್ಗೆ ಸಂಜೆ ರಿಜಿಸ್ಟರಿಗೆ ಸಹಿ."

"ನನ್ನ ಹಗ್ಗ?" ಅಂದೆ.

"ತೆಗೀರಿ."

ನಮ್ಮ ಹಿತ್ತಲಿನ ಅಗಲವೇ ಹದಿನೆಂಟಡಿ. ಮತ್ತೆ ಎದ್ದ ಚಪ್ಪಾಳೆಯ ಸದ್ದಿನಲ್ಲಿ ನನ್ನ ಲೆಕ್ಕಾಚಾರ ಯಾರಿಗೂ ಕೇಳಿಸಲಿಲ್ಲ.

ಎಲ್ಲರೂ ಜಗುಲಿಗೆ ಟೀ ಕುಡಿಯಲು ಹೋದಾಗ ಇವರು ನನ್ನನ್ನು ಅಡುಗೆಮನೆಗೆ ಎಳೆದರು.

"ಎಲ್ಲಿಂದ ತಂದೆ?"

"ಯಾವುದನ್ನ?"

"ನಾಟಕ ಬೇಡ. ನನ್ನ ಗಿಡ ಶುಕ್ರವಾರವೇ ಸತ್ತೋಯ್ತು. ಹಗ್ಗದ ಮೇಲೆ ಏನೋ ಹಕ್ಕಿ ಕೂತಿತ್ತು. ಒಂದೇ ಒಂದು ಸಲ ದುರ್ಬೀನಲ್ಲಿ ಸರಿಯಾಗಿ ಕಾಣಿಸ್ತು ಕಣೇ. ಹಾಗೇ ಹಿಂದೆ ಹಿಂದೆ ಹೆಜ್ಜೆ ಇಟ್ಟು ನೋಡ್ತಾ ನೋಡ್ತಾ ಹೂವನ್ನ ತುಳಿದುಬಿಟ್ಟೆ. ಹೇಳೋಕೆ ಧೈರ್ಯ ಬರಲಿಲ್ಲ. ಮುಳ್ಳು ಮಾತ್ರ ಹಾಗೇ ಬಿಟ್ಟಿದ್ದೆ."

ಹಾಗಾದರೆ ನಾನು ಕಿತ್ತದ್ದು ಬರೀ ಕಳೆ. ಸುಮ್ಮನಿದ್ದಿದ್ದರೆ ಪಾಪ ಅವರದು, ಹಿತ್ತಲು ನನ್ನದು. ಸಿಟ್ಟು ಬರಬೇಕಿತ್ತು, ನಗು ಬಂತು. ಒಂದೇ ಮನೆಯಲ್ಲಿ ಇಬ್ಬರೂ ಒಂದೇ ಗಿಡಕ್ಕಾಗಿ ಬೇರೆ ಬೇರೆ ಒದ್ದಾಡಿದ್ದೆವು. ನಡೆದದ್ದೆಲ್ಲ ಹೇಳಿದೆ. ಇವರು ನನ್ನ ಮಣ್ಣಿನ ಕೈ ಹಿಡಿದುಕೊಂಡು, "ನನಗೋಸ್ಕರ ಕದ್ದೆಯಾ?" ಎಂದು ಕೇಳಿದ ರೀತಿಗೆ ಈ ವಯಸ್ಸಿನಲ್ಲಿ ನನಗೆ ನಾಚಿಕೆಯಾಯಿತು.

"ಹೂಂ. ಇನ್ನು ಜೀವನಪೂರ್ತಿ ನಾನು ಹೇಳಿದ ಹಾಗೆ ಕೇಳಬೇಕು" ಅಂದೆ.

"ಈಗ ಇನ್ನೇನು ಮಾಡ್ತಿದೀನಿ?" ಅಂದರು.

ಹೊರಡುವಾಗ ಮೇಡಂ ಎಲ್ಲರನ್ನೂ ಮುಂದೆ ಕಳಿಸಿ ಹಿಂದೆ ಉಳಿದರು. ಬಟ್ಟೆಯ ಚೀಲದಿಂದ ಕಾಗದದಲ್ಲಿ ಸುತ್ತಿದ್ದ ಉದ್ದನೆಯ ಪೊಟ್ಟಣವೊಂದನ್ನು ತೆಗೆದು ನನ್ನ ಕೈಗಿಟ್ಟರು. ಬಿಚ್ಚಿದೆ. ಸೌಟು. ಹಿಡಿಕೆಯ ಮೇಲೆ ನಮ್ಮ ಅಂಗಡಿಯ ಹೆಸರು, ಕೆಳಗೆ ಮುತ್ತಿನಂಥ ಅಕ್ಷರದಲ್ಲಿ 'ನಂ. ೧೧'.

ಆ ಬಿಳಿ ಕಲ್ಲುಗಳ ಪಕ್ಕದಲ್ಲೇ ಬಿಟ್ಟು ಓಡಿಬಂದಿದ್ದೆ. "ಮೇಡಂ, ಅದು…"

"ಮುಂದಿನ ವಾರ ಅಲ್ಲಿ ಪೈಪಿಗೆ ಅಗೀತಾರಂತೆ. ಇವತ್ತೇ ಬೆಳಿಗ್ಗೆ ಆಪರೇಟರು ಹೇಳಿದ. ಅಲ್ಲೇ ಇದ್ದಿದ್ರೆ ಹೇಗೂ ಉಳೀತಿರಲಿಲ್ಲ" ಅಂದರು ಮೇಡಂ. ತುಟಿಯ ಅಂಚಿನಲ್ಲಿ ನಗುವಿತ್ತು. "ಅದಕ್ಕೇ ಬಾಯಿ ಬಿಡಲಿಲ್ಲ. ಬೇರಿಗೆ ಏಟಾಗದ ಹಾಗೆ ಅಗೆದಿದೀರಿ, ಕೈ ಚೆನ್ನಾಗಿದೆ. ಸಹಿ ಮಾತ್ರ ಒಂದು ದಿನಾನೂ ತಪ್ಪಬಾರದು."

ಈಗ ನರ್ಸಿಂಗ್ ಹೋಮಿನ ಹಾಸಿಗೆ ಬಟ್ಟೆಗಳೆಲ್ಲ ನಮ್ಮ ಮಲಗುವ ಕೋಣೆಯಲ್ಲಿ ಒಣಗುತ್ತವೆ. ನಾವು ರಾತ್ರಿ ಅವುಗಳ ಅಡಿಯಲ್ಲಿ ತೆವಳಿಕೊಂಡು ಮಂಚ ಸೇರುತ್ತೇವೆ. ಇವರು ಡಾಕ್ಟರ ಅಪ್ಪಣೆಯಂತೆ ಮತ್ತೆ ದೂರ ನೋಡಲು ಶುರುಮಾಡಿದ್ದಾರೆ: ತಾರಸಿಯ ಮೇಲಿಂದ ದುರ್ಬೀನು ಹಿಡಿದು, ನಾನು ಸೋಪಿನ ನೀರು ಎಲ್ಲಿ ಚೆಲ್ಲುತ್ತೇನೆಂದು. ನಾನು ಕೊಡೆ ಬಿಚ್ಚಿ, ಸ್ಟೂಲು ಹಾಕಿ, ಹೂವಿನ ಪಕ್ಕ ಕಾವಲು ಕೂರುತ್ತೇನೆ. ದಾರಿಯಲ್ಲಿ ಹೋಗುವ ಸಂಘದವರು ಗೋಡೆಯ ಮೇಲಿಂದ ಇಣುಕಿ, "ಕಳ್ಳ ಸಿಕ್ಕಿದನಾ ಅಮ್ಮಾ?" ಎಂದು ಕೇಳುತ್ತಾರೆ.

"ಇನ್ನೂ ಇಲ್ಲ" ಅನ್ನುತ್ತೇನೆ. "ಆದರೆ ಕಳ್ಳನ್ನ ಇಲ್ಲಿಂದ ಅಲ್ಲಾಡೋಕೂ ಬಿಟ್ಟಿಲ್ಲ."