ತಿದ್ದುಪಡಿ ಆಂಟಿಯ ಕಾರ್ಡುಗಳು

ಕೆಂಪು ಪೆನ್ನನ್ನು ಆ ದಿನ ಮುಟ್ಟುವುದಿಲ್ಲ ಎಂದು ಅವಳು ಬೆಳಿಗ್ಗೆಯೇ ನಿರ್ಧರಿಸಿದ್ದಳು. ಕತ್ತರಿಯ ವಿಷಯ ನಿರ್ಧರಿಸಿರಲಿಲ್ಲ. ರಗಳೆಯೆಲ್ಲ ಅಲ್ಲಿಂದಲೇ ಶುರುವಾಯಿತು.

ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವಳ ಕೆಲಸ. ವರ್ಷಗಟ್ಟಲೆ ಅದನ್ನೇ ಮಾಡಿ, ಎಲ್ಲಿ ತಪ್ಪು ಕಂಡರೂ ಕೈ ತುರಿಸುತ್ತಿತ್ತು. ಅಂಗಡಿಯ ಬೋರ್ಡಾಗಲಿ, ಲಿಫ್ಟಿನಲ್ಲಿ ಪಕ್ಕದಲ್ಲಿ ನಿಂತವರ ಅಂಗಿಯ ಗುಂಡಿಯಾಗಲಿ ಅವಳಿಂದ ತಪ್ಪಿಸಿಕೊಳ್ಳುವಂತಿರಲಿಲ್ಲ. ಅವಳ ಮನೆಯಿದ್ದ ಕಟ್ಟಡದ ಮಕ್ಕಳು ಅವಳಿಗೆ ‘ತಿದ್ದುಪಡಿ ಆಂಟಿ’ ಎಂದು ಹೆಸರಿಟ್ಟಿದ್ದರು.

“ನಮ್ಮನೇಗೆ ಯಾಕಮ್ಮ ಯಾರೂ ಆಡಕ್ಕೆ ಬರಲ್ಲ?” ಎಂದು ಐದು ವರ್ಷದ ಮಗಳು ಒಂದು ದಿನ ಕೇಳಿದ್ದಳು. ಅವಳು ಒಗೆದ ಬಟ್ಟೆ ಮಡಿಸಿದಳು. ಮಡಿಸಿದ್ದನ್ನು ಬಿಚ್ಚಿ ಇನ್ನೊಮ್ಮೆ ಮಡಿಸಿದಳು.

ಹಾಗಾಗಿ, ಶಾಲೆಗೆ ರಜೆ ಬಿಟ್ಟ ದಿನ ತಾನೂ ರಜೆ ಹಾಕಿ ಕಟ್ಟಡದ ಚಿಳ್ಳೆಪಿಳ್ಳೆಗಳನ್ನು ಮನೆಗೆ ಕರೆದಳು. ಎದುರುಮನೆ ದರ್ಜಿಯ ಮಗ, ಕೆಳಗಿನ ಮನೆ ಬಸ್ ಡ್ರೈವರನ ಮಗಳು, ಮೇಲಿನ ಮನೆ ನರ್ಸಮ್ಮನ ಮಗ, ಮೂಲೆಮನೆಯಲ್ಲಿರುವ ನಿವೃತ್ತ ಹೆಡ್‌ಮಿಸ್ಸಿನ ಮೊಮ್ಮಗಳು, ಎಲ್ಲರೂ ಬಂದರು. ರಜೆಗೊಂದು ಕಾರ್ಡು ಮಾಡಿ ಸಂಜೆ ಮನೆಯವರಿಗೆ ಕೊಡಬೇಕು, ಅದರಲ್ಲಿ ಮನೆಯವರ ಚಿತ್ರ ಇರಬೇಕು, ಅಷ್ಟೇ.

ಶುರುವಾದ ಸ್ವಲ್ಪ ಹೊತ್ತಿಗೇ ಮನೆ, ಯಾರೋ ಬಣ್ಣದ ಡಬ್ಬಿಗಳೊಂದಿಗೆ ಕುಸ್ತಿಯಾಡಿ ಸೋತಂತೆ ಕಾಣಿಸಿತು. ದರ್ಜಿಯ ಮಗನ ಮೊಣಕೈಗೆ ಡ್ರೈವರನ ಮಗಳ ಜಡೆ ಅಂಟಿಕೊಂಡಿತು. ಆಂಟಿ ತುಟಿ ಕಚ್ಚಿಕೊಂಡು ಎಲ್ಲರ ಕೈ ತೊಳೆಸುತ್ತಲೇ ಇದ್ದಳು. ಯಾರು ಏನು ಬರೆಯುತ್ತಿದ್ದಾರೆ ಎಂದು ಬೇಕೆಂದೇ ನೋಡಲಿಲ್ಲ. ನೋಡಿದರೆ ತಿದ್ದಬೇಕಾಗುತ್ತದೆ. ಮುಗಿಸಿದವರ ಹೆಸರನ್ನು ಮಾತ್ರ ಹಿಂಬದಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಳು.

“ಆಂಟಿ, ನಮ್ಮ ನಾಯಿಗೆ ಐದು ಕಾಲು ಬಂತು. ಪರವಾಗಿಲ್ವಾ?” ಎಂದ ದರ್ಜಿಯ ಮಗ.

“ಪರವಾಗಿಲ್ಲಪ್ಪ,” ಎಂದಳು. ತುರಿಸುತ್ತಿದ್ದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಕಾರ್ಡು ಒಣಗಲಿ ಎಂದು ಮಕ್ಕಳು ತಾರಸಿಗೆ ಓಡಿದರು. ಅವರ ಕೇಕೆಯ ನಡುವೆ ಮಗಳ ದನಿಯೂ ಕೇಳಿ ಅವಳ ಕಣ್ಣು ತುಂಬಿತು. ಅಲ್ಲಿಗೇ ಎದ್ದು ಅಡುಗೆಮನೆಗೆ ಹೋಗಿದ್ದರೆ ಬದುಕಿಕೊಳ್ಳುತ್ತಿದ್ದಳು. ಆದರೆ ಕಾರ್ಡುಗಳ ಅಂಚು ಸೊಟ್ಟಗಿದ್ದವು. ಅಂಚು ಕತ್ತರಿಸದ ಕಾಗದ ಅವಳ ಕಣ್ಣಿಗೆ ತಲೆ ಬಾಚದೆ ಶಾಲೆಗೆ ಹೊರಟ ಮಗುವಿನ ಹಾಗೆ. ಒಂದು ಎಳೆಯಷ್ಟು ಕತ್ತರಿಸಿದಳು. ಇನ್ನೊಂದು ಬದಿಗೆ ಅನ್ಯಾಯವಾಗಬಾರದೆಂದು ಅಲ್ಲೂ ಕತ್ತರಿಸಿದಳು.

ಕತ್ತರಿ ಕೈಗೆ ಬಂದ ಮೇಲೆ ಕೇಳಬೇಕೆ. ಹಸಿರು ಸೂರ್ಯನ ಮೇಲೆ ಹಳದಿ ಕಾಗದ ಕೂತಿತು. ನಾಯಿಯ ಐದನೇ ಕಾಲು ಮಾಯವಾಗಿ, ಅದು ಇನ್ನೊಂದು ಕಾರ್ಡಿನ ನಾಯಿಯ ಹಾಗೇ ಆಯಿತು. ಒಂದು ಕಾರ್ಡಿನಲ್ಲಿ ಒಬ್ಬ ಹೆಂಗಸಿನ ಬಾಯಿ ಬಾವಿಯಷ್ಟು ಅಗಲವಾಗಿತ್ತು, ಒಳಗೆ ಬೇಲಿಯ ಗೂಟಗಳಂಥ ಹಲ್ಲು. ಪಾಪ, ಹೆತ್ತವಳು ನೋಡಿದರೆ ನೊಂದುಕೊಂಡಾಳು ಎಂದು ಅದರ ಮೇಲೊಂದು ಕಾಗದದ ತುಂಡು ಅಂಟಿಸಿ, ಸಣ್ಣಗೆ, ನೇರವಾಗಿ, ಮರ್ಯಾದಸ್ಥ ಬಾಯೊಂದನ್ನು ಒಂದೇ ಗೆರೆಯಲ್ಲಿ ಬರೆದಳು.

ಕಸ ಗುಡಿಸುವಾಗ ಜೀವ ಬಾಯಿಗೆ ಬಂತು. ಕತ್ತರಿಸಿದ ಅಂಚುಗಳ ಜೊತೆ, ಪೆನ್ಸಿಲಿನಲ್ಲಿ ಬರೆದ ಹೆಸರುಗಳೆಲ್ಲ ಮೊರದಲ್ಲಿದ್ದವು.

ಅಷ್ಟರಲ್ಲಿ ಮನೆಮನೆಗಳಿಂದ ಮಕ್ಕಳನ್ನು ಕೂಗತೊಡಗಿದರು. ಅವಳು ಅಂದಾಜಿನ ಮೇಲೆ ಕಾರ್ಡುಗಳನ್ನು ಕವರಿಗೆ ಹಾಕಿ, ಅಂಟಿಸಿ, “ಮನೇಲೇ ತೆಗೀಬೇಕು ಆಯ್ತಾ,” ಎಂದು ಹಂಚಿಬಿಟ್ಟಳು. ಎಲ್ಲಕ್ಕಿಂತ ಚೆಂದವಾದ ಹೂದೋಟದ ಕಾರ್ಡು ಮಗಳದ್ದೇ ಇರಬೇಕೆಂದು ಗೋಡೆಗೆ ಅಂಟಿಸಿದಳು.

ಮೊದಲು ಬಾಗಿಲು ಬಡಿದವನು ದರ್ಜಿ.

“ಅಕ್ಕ, ಈ ಚಿತ್ರದಲ್ಲಿ ನನ್ನ ಹೆಂಡ್ತಿ ಪಕ್ಕ ಖಾಕಿ ಹಾಕ್ಕೊಂಡು ನಿಂತಿರೋನು ಯಾರು? ಮಗನ್ನ ಕೇಳಿದ್ರೆ ಇದು ನಂದಲ್ಲ, ನನ್ನ ನಾಯಿಗೆ ಐದು ಕಾಲಿತ್ತು ಅಂತಾನೆ. ಅವಳನ್ನ ಕೇಳಿದ್ರೆ ಮಾತೇ ಬಿಟ್ಟಿದಾಳೆ.”

ಅವಳು ಬಾಯಿ ತೆರೆಯುವ ಮುಂಚೆಯೇ ನರ್ಸಮ್ಮ ಇಳಿದು ಬಂದಳು. “ನಾನು ಗಂಡನ ಕುತ್ತಿಗೆಗೆ ಹಗ್ಗ ಬಿಗೀತಿರೋ ಹಾಗಿದೆ ಇದರಲ್ಲಿ. ನಮ್ಮತ್ತೆ ನೋಡಿಬಿಟ್ರು ಕಣ್ರೀ. ನನಗೆ ಮೊದಲೇ ಗೊತ್ತಿತ್ತು ಅಂದ್ರು.”

“ಅದು ಹಗ್ಗ ಅಲ್ಲ, ನನ್ನ ಅಳತೆ ಟೇಪು,” ಎಂದ ದರ್ಜಿ, ಕತ್ತು ಚಾಚಿ.

ಡ್ರೈವರ್ ಮಾತ್ರ ಮೆಟ್ಟಿಲಲ್ಲೇ ನಿಂತು ಕಾರ್ಡನ್ನು ಎದೆಗೆ ಒತ್ತಿಕೊಂಡಿದ್ದ. “ತೋರ್ಸಕ್ಕೂ ನಾಚಿಕೆ. ಯಾರೋ ಬಗ್ಗಿ ನಿಂತಿದಾರೆ, ಹಿಂದಿಂದ ಒಬ್ಬರು ಸೂಜಿ ಚುಚ್ತಿದಾರೆ. ಬಗ್ಗಿರೋದು ನಾನೇ ಅಂತ ಮನೇಲಿ ನಗ್ತಾವ್ರೆ.”

ಅವಳು ನೆಲ ನೋಡುತ್ತ ಅಂಚಿನ ಕತೆ ಹೇಳಿದಳು. ಕಾರ್ಡುಗಳು ಕೈ ಬದಲಾಗಿ ಸರಿಯಾದ ಮನೆ ಸೇರಿದವು. ಖಾಕಿಯವನು ಡ್ರೈವರನ ಕೈಗೆ ಬಂದಾಗ ದರ್ಜಿ ಬಿಟ್ಟ ನಿಟ್ಟುಸಿರಿಗೆ ಬಾಗಿಲ ಪರದೆ ಅಲುಗಿತು.

“ಮಕ್ಕಳು ಬರೆದಿದ್ದಕ್ಕೆ ನೀವ್ಯಾಕೆ ಕೈ ಹಾಕಕ್ಕೆ ಹೋದ್ರಿ?” ಎಂದಳು ನರ್ಸಮ್ಮ.

ಕೊನೆಗೆ ಬಂದವರು ಹೆಡ್‌ಮಿಸ್ಸು. ಅವರು ಕಾರ್ಡನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಅದರಲ್ಲಿ ಒಬ್ಬ ಹೆಂಗಸು, ಗೆರೆ ಎಳೆದಂಥ ಬಾಯಿ. ಪಕ್ಕದಲ್ಲಿ ಅವಳ ಮೊಣಕಾಲೆತ್ತರದ ಒಂದು ಮಗು.

“ನಮ್ಮನೇಲಿ ಯಾರ ಮುಖವೂ ಹೀಗಿಲ್ಲ. ನಲವತ್ತು ವರ್ಷ ಮಕ್ಕಳನ್ನ ನೋಡಿದೀನಿ. ಈ ಮಗುಗೆ ತಾಯಿ ಕಂಡ್ರೆ ಭಯ.”

“ಬಾಯಿ ಹೊಲಿದುಕೊಂಡ ಹಾಗಿದೆ,” ಎಂದ ದರ್ಜಿ. ಹೊಲಿಗೆ ಬಲ್ಲವನ ಮಾತೆಂದು ಎಲ್ಲರೂ ತಲೆಯಾಡಿಸಿದರು.

ಎಲ್ಲರ ದೃಷ್ಟಿ ತನ್ನಿಂದ ಆಚೆ ಸರಿದದ್ದು ಅವಳಿಗೆ ಹಿತವಾಯಿತು. ಆ ಬಾಯಿ ತಾನೇ ಬರೆದದ್ದೆಂದು ಹೇಳಬೇಕಿತ್ತು. ಆದರೆ ಆಗಷ್ಟೇ ಉಗಿಸಿಕೊಂಡಿದ್ದಳು. “ಪಾಪ,” ಎಂದಳು. “ಕೆಲವು ತಾಯಂದಿರಿಗೆ ಮಗುವಿನ ಮನಸ್ಸು ಗೊತ್ತೇ ಆಗಲ್ಲ. ಯಾರ ಮನೆ ಅಂತ ಗೊತ್ತಾದ್ರೆ ನಾವೆಲ್ಲ ಹೋಗಿ ನಯವಾಗಿ ಎರಡು ಮಾತು ಹೇಳೋಣ.”

“ಅದು ನಂದು,” ಎಂದಳು ಮಗಳು, ಅಡುಗೆಮನೆಯ ಬಾಗಿಲಿನಿಂದ. “ಗೋಡೆ ಮೇಲಿರೋ ಹೂವು ನಂದಲ್ಲ. ಅಮ್ಮ ಕೇಳ್ಲೇ ಇಲ್ಲ.”

ಮಗಳು ಹೆಡ್‌ಮಿಸ್ಸಿನ ಕೈಯಿಂದ ಕಾರ್ಡು ತೆಗೆದುಕೊಂಡು ಹುಬ್ಬು ಗಂಟಿಕ್ಕಿ ನೋಡಿದಳು. ಬಾಯಿಯ ಮೇಲಿನ ತುಂಡನ್ನು ಉಗುರಿನಿಂದ ಕೆರೆದಳು. ಅಂಟು ಇನ್ನೂ ಹಸಿಯಾಗಿತ್ತು, ತುಂಡು ಎದ್ದು ಬಂತು. ಕೆಳಗೆ ಬಾವಿಯಷ್ಟು ಅಗಲದ ಬಾಯಿ, ಬೇಲಿಯ ಗೂಟಗಳಂಥ ಹಲ್ಲು.

“ನಾನು ಅಮ್ಮ ನಗ್ತಿರೋದು ಬರೆದಿದ್ದೆ,” ಎಂದಳು. “ಯಾರೋ ಮುಚ್ಚಿಬಿಟ್ಟಿದಾರೆ.”

ನರ್ಸಮ್ಮ ಮೊರದ ಕಡೆ ನೋಡಿದಳು. ಡ್ರೈವರ್ ಕತ್ತರಿಯ ಕಡೆ ನೋಡಿದ. ಅವಳಿಗೆ ಆ ಮೊರದೊಳಗೇ ಹೋಗಿ ಕೂತುಬಿಡೋಣ ಅನ್ನಿಸಿತು. ಬೇರೇನೂ ತೋಚದೆ, ಅಷ್ಟೂ ಜನರ ಮುಂದೆ, ನಗಲು ಪ್ರಯತ್ನಿಸಿದಳು.

ಮಗಳು ಒಮ್ಮೆ ಕಾರ್ಡು ನೋಡಿದಳು, ಒಮ್ಮೆ ಅವಳ ಮುಖ ನೋಡಿದಳು.

“ಹಾಗಲ್ಲಮ್ಮ, ತಪ್ಪು,” ಎಂದಳು. “ಇನ್ನೂ ಅಗಲ. ಹಲ್ಲು ಕಾಣ್ಬೇಕು. ಇನ್ನೊಂದ್ಸಲ ಮಾಡು.”